ಹಳೇ ಆಯಿಲ್ ಫಿಲ್ಟರಿಗೆ ಆಕ್ಸೊ ಬ್ಲೇಡ್ ಹಾಕಬೇಡಿ

ಕಳೆದ ಡಿಸೆಂಬರಿನಲ್ಲಿ, ಕಾಫಿ ಹಣ್ಣು ಕೊಯ್ಲು ಜೋರಾಗಿದ್ದ ವಾರದಲ್ಲೇ, ನಮ್ಮ ಪಿಕಪ್ಪಿನ ಎಂಜಿನ್ ಬಿಚ್ಚಿಸಿದೆ. ಬಿಚ್ಚುವ ಅಗತ್ಯವೇ ಇರಲಿಲ್ಲ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಹಳೇ ಡೀಸೆಲ್ ಗಾಡಿ ಇಟ್ಟುಕೊಂಡು ತೋಟ ನಡೆಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ.

ಆಯಿಲ್ ಬದಲಿಸಿದ ದಿನ, ಎಂಜಿನ್ ಒಳಗೆ ಏನಾದರೂ ಸವೆದು ಪುಡಿ ಬಂದಿದೆಯೇ ಎಂದು ನೋಡಲು, ಬಿಚ್ಚಿದ ಫಿಲ್ಟರನ್ನು ವೈಸಿಗೆ ಕಚ್ಚಿಸಿ ಆಕ್ಸೊ ಬ್ಲೇಡಿನಲ್ಲಿ, ಅಂದರೆ ಕಬ್ಬಿಣ ಕೊಯ್ಯುವ ಗರಗಸದಲ್ಲಿ, ಕೊಯ್ದಿದ್ದೆ. ಒಳಗಿನ ಕಾಗದದ ಮಡಿಕೆ ಬಿಡಿಸಿದರೆ ಎಲ್ಲೆಲ್ಲೂ ಮಿಣಮಿಣ. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದೆ, ಕಬ್ಬಿಣದ ಪುಡಿ ಮೀಸೆಯ ಹಾಗೆ ಎದ್ದು ನಿಂತಿತು. ಗಾಬರಿಯಾಗಿ ಗ್ಯಾರೇಜಿಗೆ ಒಯ್ದೆ. ಅದನ್ನು ನೋಡಿದವರೇ, "ಬೇರಿಂಗ್ ಹೋಗಿರ್ಬೇಕು ಅಣ್ಣಾ, ಚೇಂಬರ್ ಇಳಿಸ್ಲೇಬೇಕು" ಅಂದರು. ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಾದ ಚೇಂಬರನ್ನು ಇಳಿಸಿದರು. ಕ್ರ್ಯಾಂಕ್ ಕೂರುವ ಬೇರಿಂಗ್ ಶೆಲ್ಲುಗಳಲ್ಲಿ ಒಂದು ಗೀರೂ ಇರಲಿಲ್ಲ. ಹೊಸ ಪ್ಯಾಕಿಂಗು, ಮತ್ತೆ ಹೊಸ ಆಯಿಲು, ಮೂರು ದಿನ ಗಾಡಿ ನಿಂತಿತು. ಕೊಯ್ದ ಹಣ್ಣು ಅವತ್ತೇ ಸಿಪ್ಪೆ ಸುಲಿಯುವ ಪಲ್ಪರಿಗೆ ಹೋಗಬೇಕು, ಕಾಯಿಸಿದರೆ ಹುಳಿ ಹಿಡಿಯುತ್ತದೆ. ಮೂರು ದಿನವೂ ಬಾಡಿಗೆ ಗಾಡಿಯಲ್ಲಿ ಸಾಗಿಸಿದೆವು.

ಆಮೇಲೆ ಒಂದು ಕೆಲಸ ಮಾಡಿದೆ. ಅಂಗಡಿಯಿಂದ ಹೊಚ್ಚ ಹೊಸ ಫಿಲ್ಟರ್ ತಂದು, ಗಾಡಿಗೆ ಹಾಕದೆಯೇ, ಅದೇ ಬ್ಲೇಡಿನಲ್ಲಿ ಕೊಯ್ದೆ. ಅದೇ ಮಿಣಮಿಣ, ಅಯಸ್ಕಾಂತದ ಮೇಲೆ ಅದೇ ಮೀಸೆ. ಎಂಜಿನ್ನಿನದು ಅಂದುಕೊಂಡಿದ್ದ ಪುಡಿಯೆಲ್ಲ ಫಿಲ್ಟರಿನ ಡಬ್ಬದ್ದು ಮತ್ತು ಬ್ಲೇಡಿನದು.

ಇನ್ನೊಂದು ವಿಷಯ ಆಗ ಗೊತ್ತಿದ್ದರೆ ಚೇಂಬರ್ ಇಳಿಸಲು ಬಿಡುತ್ತಿರಲಿಲ್ಲ. ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಬರುವ ಮೂರು ಪದರದ ಬೇರಿಂಗ್ ಶೆಲ್ಲಿನಲ್ಲಿ ಮೇಲಿನದು ಸೀಸ-ತವರ, ಅದರಡಿ ತಾಮ್ರ ಬೆರೆತ ಲೋಹ, ಉಕ್ಕು ಇರುವುದು ಬೆನ್ನಿಗೆ. ಸವೆಯುವ ಮೊದಲ ಎರಡು ಪದರ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಅಂಟುವುದು ರಿಂಗು, ಲೈನರು, ಕ್ಯಾಮಿನ ಕಬ್ಬಿಣ. ಬೂದುಬಣ್ಣದ ಮೃದು ಚೂರು, ಅದಕ್ಕಿಂತ ಹೆಚ್ಚಾಗಿ ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗಿನ ಬಗ್ಗೆ ಯೋಚಿಸಬೇಕು. ಬೆಳ್ಳಗೆ ಹೊಳೆದು ಅಂಟದೆ ಉಳಿದದ್ದು ಅಲ್ಯೂಮಿನಿಯಂ ಆಗಿರಬಹುದು, ಅಂದರೆ ಪಿಸ್ಟನ್ ಕಡೆ ನೋಡಬೇಕು. ಹೊಸ ಎಂಜಿನ್ನಿನ ಮೊದಲ ಆಯಿಲಿನಲ್ಲಿ ಸ್ವಲ್ಪ ಹೊಳಪು ಸಹಜ.

ಇಷ್ಟೆಲ್ಲ ಆದರೂ ಫಿಲ್ಟರ್ ಕೊಯ್ದು ನೋಡುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸಣ್ಣ ವಿಮಾನಗಳಲ್ಲಿ ಪ್ರತಿ ಆಯಿಲ್ ಬದಲಾವಣೆಗೂ ಫಿಲ್ಟರ್ ಕೊಯ್ದು ನೋಡುವುದು ವಾಡಿಕೆ. ಚಾರ್ಮಾಡಿ ಘಾಟಿ ಹತ್ತಿಳಿಯುವ, ಮಳೆಗಾಲದಲ್ಲಿ ಫೋರ್ ವೀಲಿನಲ್ಲೇ ತೋಟದ ರಸ್ತೆ ಎಳೆಯುವ ನಮ್ಮ ಗಾಡಿಗಳಿಗೆ ಆ ಕಾಳಜಿ ಯಾಕೆ ಬೇಡ? ಕ್ರ್ಯಾಂಕ್ ಕಚ್ಚಿಕೊಂಡ ಮೇಲೆ ತಿಳಿಯುವುದನ್ನು ಫಿಲ್ಟರ್ ಎಷ್ಟೋ ಸಲ ಮುಂಚೆಯೇ ಹೇಳಿರುತ್ತದೆ. ಲೋಹವಷ್ಟೇ ಅಲ್ಲ. ಒಂದು ಸಲ ನಮ್ಮ ಟ್ರ್ಯಾಕ್ಟರಿನ ಫಿಲ್ಟರಿನಲ್ಲಿ ಸಿಕ್ಕಿದ್ದು ಎಳೆ ಎಳೆಯಾಗಿ ಕಿತ್ತುಬಂದಿದ್ದ ಅನಬಾಂಡ್, ಅಂದರೆ ಪ್ಯಾಕಿಂಗಿಗೆ ಹಚ್ಚುವ ಅಂಟು. ಪ್ಯಾಕಿಂಗ್ ಕೂರಿಸಿದವರು ಜಾಸ್ತಿ ಮೆತ್ತಿದ್ದರು. ಅದೇ ಎಳೆ ಆಯಿಲ್ ಪಂಪಿನ ಜಾಲರಿಗೆ ಕೂತಿದ್ದರೆ ಪ್ರೆಶರ್ ಬಿದ್ದುಹೋಗುತ್ತಿತ್ತು.

ಆದ್ದರಿಂದ ಕೊಯ್ಯುವ ಸಾಧನದಲ್ಲಿ ನೋಡಬೇಕಾದ ಮೊದಲನೇ ಗುಣ ಒಂದೇ: ಪುಡಿ ಬೀಳಬಾರದು. ಈ ಲೆಕ್ಕಕ್ಕೆ ಆಕ್ಸೊ ಬ್ಲೇಡ್ ಹೋಯಿತು. ಗ್ರೈಂಡರ್ ಇನ್ನೂ ಕೆಟ್ಟದ್ದು, ಸಾಣೆಕಲ್ಲಿನ ಪುಡಿಯೂ ಸೇರುತ್ತದೆ, ಎಣ್ಣೆ ತುಂಬಿದ ಕಾಗದಕ್ಕೆ ಕಿಡಿಯೂ ಹಾರುತ್ತದೆ. ಲೇತಿಗೆ ಕೊಟ್ಟರೂ ಸಿಂಬೆ ಸಿಂಬೆಯಾಗಿ ತಗಡು ಎದ್ದು ಬರುವುದರಿಂದ ಅನುಮಾನ ತಪ್ಪಿದ್ದಲ್ಲ. ಬೇಕಾದ್ದು ಪ್ಲಂಬರುಗಳ ಪೈಪ್ ಕಟರಿನಲ್ಲಿರುವಂಥ ಚೂಪಂಚಿನ ಚಕ್ರ. ಅದು ತಗಡನ್ನು ತೇಯುವುದಿಲ್ಲ, ಒತ್ತಿ ಒತ್ತಿ ಸೀಳುತ್ತದೆ.

ಇದಕ್ಕೆಂದೇ ಮಾಡಿದ ಕಟರ್ ವಿದೇಶದಿಂದ ತರಿಸಬಹುದು, ಸಾಗಣೆ ಸೇರಿದರೆ ಸಾವಿರಗಟ್ಟಲೆ. ವರ್ಷಕ್ಕೆ ನಾಲ್ಕೈದು ಫಿಲ್ಟರ್ ಕೊಯ್ಯುವ ನನಗೆ ಅಷ್ಟು ಸುರಿಯುವುದು ಸರಿಕಾಣಲಿಲ್ಲ. ತಾಮ್ರದ ಪೈಪಿಗೆ ಬಳಸುವ ಸಣ್ಣ ಕಟರಿನ ಬಾಯಿಗೆ ಫಿಲ್ಟರ್ ಹಿಡಿಯುವುದಿಲ್ಲ. ಸೈಲೆನ್ಸರ್ ಪೈಪ್ ಕೊಯ್ಯುವ ಚೈನ್ ಕಟರ್ ಒಳ್ಳೆಯದೇ, ಆದರೆ ಅಂಗಡಿಯಲ್ಲಿ ತೋರಿಸಿದ್ದು 3 ಇಂಚಿನದು, ಅಂದರೆ 76 ಮಿ.ಮೀ.ಗೆ ಮುಗಿಯಿತು. ನನ್ನ ಪಿಕಪ್ಪಿನ ಫಿಲ್ಟರ್ 93. ಕೊಳ್ಳುವ ಮೊದಲು ಫಿಲ್ಟರಿನ ಸುತ್ತ ದಾರ ಸುತ್ತಿ, ಉದ್ದ ಅಳೆದು 3.14ರಿಂದ ಭಾಗಿಸಿ ಅಡ್ಡಗಲ ನೋಡಿ. ನಿಮ್ಮದು ಸಣ್ಣದಿದ್ದರೆ ಚೈನ್ ಕಟರ್ ತಂದುಬಿಡಿ, ಬೇರೆ ಯೋಚನೆ ಬೇಡ.

ನಾನು ಚಿಕ್ಕಮಗಳೂರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಂಡೆ. ಒಂದು 6 ಇಂಚಿನ ಸಿ ಕ್ಲ್ಯಾಂಪ್. ಅದರ ಕದಲದ ಬಾಯಿಗೆ ಪೈಪ್ ಕಟರಿನ ಬಿಡಿ ಚಕ್ರ, ತಿರುಪಿನ ಬಾಯಿಗೆ ಪಟ್ಟಿಯ ಮೇಲೆ ಎರಡು 6200 ನಂಬರಿನ ಬಾಲ್ ಬೇರಿಂಗು. ಕ್ಲ್ಯಾಂಪನ್ನು ಫಿಲ್ಟರಿನ ಸುತ್ತ ತಿರುಗಿಸಿದರೆ ಆ ಎರಡು ಬೇರಿಂಗುಗಳು ಫಿಲ್ಟರಿಗೆ ಆನಿಕೊಂಡು ಉರುಳುತ್ತವೆ, ಎದುರಿನಿಂದ ಚಕ್ರ ಒತ್ತುತ್ತದೆ. ಮೊದಲ ಸಲ ತಿರುಪು ಬಿಗಿ ಮಾಡಿದಾಗ ಬೇರಿಂಗಿನ ಪಟ್ಟಿಯೂ ಅದರ ಜೊತೆ ಓರೆಯಾಗಿ ತಿರುಗಿ, ಗೆರೆ ಸುರುಳಿಯಾಗಿ ಹೊರಟಿತು. ಆಮೇಲೆ ಆ ಪಟ್ಟಿಗೆ ಒಂದು ನಾಲಿಗೆ ಬೆಸೆದು, ಕ್ಲ್ಯಾಂಪಿನ ಬೆನ್ನಿಗೆ ಆತು ಜಾರುವ ಹಾಗೆ ಮಾಡಿಕೊಟ್ಟರು. ಈಗ ಗೆರೆ ಹೊರಟಲ್ಲಿಗೇ ಬಂದು ಕೂಡುತ್ತದೆ. ಸಾಮಾನು, ಕೂಲಿ ಎಲ್ಲ ಸೇರಿ 1,100 ರೂಪಾಯಿ ಆಯಿತು. ಚಕ್ರ ಮೊಂಡಾದರೆ ಅದೊಂದನ್ನೇ ಬದಲಿಸಿದರೆ ಸಾಕು.

ಫಿಲ್ಟರ್ ಹಿಡಿದುಕೊಳ್ಳುವುದೇ ಕಷ್ಟದ ಕೆಲಸ. ಕೈಯಲ್ಲಿ ಹಿಡಿದರೆ ಎಣ್ಣೆಗೆ ಜಾರುತ್ತದೆ, ಮೈಗೇ ವೈಸ್ ಹಾಕಿದರೆ ಜಜ್ಜುತ್ತದೆ. ತಿರುಪಿನ ತೂತಿಗೆ ಒಂದು ಬೋಲ್ಟ್ ಹಾಕಿ, ಬೋಲ್ಟನ್ನು ವೈಸಿಗೆ ಕೊಡಿ. ನನ್ನ ಫಿಲ್ಟರಿನ ತಿರುಪು ಎಂ 20 (20 ಮಿ.ಮೀ. ದಪ್ಪ), 1.5 ಪಿಚ್ಚು, ಅಂದರೆ ಎಳೆಯಿಂದ ಎಳೆಗೆ 1.5 ಮಿ.ಮೀ. ಅಂತರ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಎಂ 20 ಬೋಲ್ಟ್ 2.5 ಪಿಚ್ಚಿನದು, ಕೂರುವುದಿಲ್ಲ. ಸಣ್ಣ ಪಿಚ್ಚಿನದ್ದೇ ಬೇಕು ಎಂದು ಕೇಳಿ.

ಗೆರೆಯನ್ನು ತಿರುಪಿನ ತಟ್ಟೆಯ ಮಡಿಕೆಯಿಂದ ಒಂದು ಬೆರಳು ದೂರದಲ್ಲಿ, ತೆಳು ತಗಡಿನ ಮೇಲೆ ಎಳೆಯಿರಿ. ಮಡಿಕೆಯ ಮೇಲೆ ತಗಡು ದಪ್ಪ, ಚಕ್ರ ಹಾಳಾಗುತ್ತದೆ. ಕಟರ್ ಒಂದು ಸುತ್ತು ಬಂದರೆ ತಿರುಪು ಕಾಲು ಸುತ್ತು ಮಾತ್ರ ಬಿಗಿಯಿರಿ. ಆತುರಪಟ್ಟು ಬಿಗಿದರೆ ಡಬ್ಬ ಮೊಟ್ಟೆಯ ಹಾಗೆ ಚಪ್ಪಟೆಯಾಗಿ ಚಕ್ರ ಸಿಕ್ಕಿಕೊಳ್ಳುತ್ತದೆ. ಏಳೆಂಟು ಸುತ್ತು ಆಗುವಷ್ಟರಲ್ಲಿ ಟಕ್ ಅಂದು ಬಾಯಿ ಬಿಡುತ್ತದೆ. ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿ. ಸುಟ್ಟ ಆಯಿಲ್ ಚರ್ಮಕ್ಕೂ ಒಳ್ಳೆಯದಲ್ಲ.

ಡೀಸೆಲ್ ಗಾಡಿಯ ಫಿಲ್ಟರಿನಲ್ಲಿ ಮಸಿಯೇ ತುಂಬಿರುವುದರಿಂದ ಅದರೊಳಗೆ ಹುದುಗಿದ ಚೂರು ಬರಿಗಣ್ಣಿಗೆ ಕಾಣುವುದಿಲ್ಲ. ಕಾಗದವನ್ನು ಚಾಕುವಿನಲ್ಲಿ ಬಿಡಿಸಿ, ತುಂಡು ಮಾಡಿ, ಬಿಳಿ ಬೇಸಿನ್ನಿನಲ್ಲಿ ಡೀಸೆಲ್ ಹಾಕಿ ಅದ್ದಿ ತೊಳೆಯಿರಿ. ಆ ಡೀಸೆಲನ್ನು ಬಿಳಿ ಪಂಚೆಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಉಳಿದ ಚೂರುಗಳ ಮೇಲೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಡಿಸಿದರೆ ಕಬ್ಬಿಣ ಬೇರೆ, ಉಳಿದದ್ದು ಬೇರೆಯಾಗುತ್ತದೆ. ಬುಲೆಟ್ ಇರುವವರಿಗೆ ಕಟರೇ ಬೇಡ, ಅದರಲ್ಲಿರುವುದು ಬರೀ ಕಾಗದದ ಎಲಿಮೆಂಟು. ತೊಳೆದ ಡೀಸೆಲನ್ನು ಹಳ್ಳಕ್ಕೆ ಚೆಲ್ಲಬೇಡಿ, ಕೆಳಗಿನ ಮನೆಯವರು ಕುಡಿಯುವುದು ಅದೇ ನೀರು. ನಾನು ಬೇಲಿ ಗೂಟಕ್ಕೆ ಬಳಿಯುವ ವೇಸ್ಟ್ ಆಯಿಲಿನ ಡಬ್ಬಕ್ಕೆ ಸೇರಿಸುತ್ತೇನೆ.

ನಮ್ಮ ಕಡೆಯ ಗೆಳೆಯರಿಗೆ: ಕಟರ್ ನಮ್ಮ ಶೆಡ್ಡಿನಲ್ಲೇ ಇದೆ, ಸುಮ್ಮನೆ ಕೂತಿದೆ. ಫಿಲ್ಟರನ್ನು ಹಿಂದಿನ ರಾತ್ರಿಯೇ ಬೋರಲು ಹಾಕಿ ಎಣ್ಣೆ ಬಸಿದುಕೊಂಡು ತನ್ನಿ, ಭಾನುವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.