ನೀರು ಮುಟ್ಟಬೇಡಿ, ಮೀನು ತಿನ್ನಿ

ನಮ್ಮೂರ ಕೆರೆ ಏರಿ ಮೇಲೆ ಎರಡು ಬೋರ್ಡುಗಳಿವೆ. ಒಂದರಲ್ಲಿ, ಈ ನೀರು ಅಂತರ್ಜಲಕ್ಕೆ ಮಾತ್ರ, ಕುಡಿಯಬೇಡಿ, ಮೋಟಾರಿಟ್ಟು ತೋಟಕ್ಕೆ ಎತ್ತಬೇಡಿ ಎಂದಿದೆ. ಹತ್ತು ಹೆಜ್ಜೆ ಆಚೆ ಇನ್ನೊಂದು. ಈ ಕೆರೆಯ ಮೀನು ಹರಾಜಾಗಿದೆ, ಬೇರೆಯವರು ಗಾಳ ಹಾಕಿದರೆ ಕೇಸು. ಅಂದರೆ ಟೊಮೆಟೊ ಗಿಡಕ್ಕೆ ಆಗದ ನೀರು ಮೀನಿಗೆ ಆಗುತ್ತದೆ. ಮೀನಿನ ಮೂಲಕ ನಮಗೂ ಆಗುತ್ತದೆ. ಟೊಮೆಟೊ ಪಾಪ, ಸೂಕ್ಷ್ಮ ಅಲ್ವಾ?

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆಗಳೇನೋ ಬೇಕಾದಷ್ಟಿವೆ. ಎಷ್ಟೋ ವರ್ಷ ಅವುಗಳಲ್ಲಿ ಜಾಲಿ ಬೆಳೆಯಿತು, ಹುಡುಗರು ಕ್ರಿಕೆಟ್ ಆಡಿದರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳು ನೊರೆಯೂ ಬಂತು. ಆಮೇಲೆ ಕೋರ್ಟು, ತಡೆ, ತೆರವು. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಬೋರ್‌ವೆಲ್‌ಗಳಿಗೆ ಜೀವ ಬಂತು, ಕೊಕ್ಕರೆಗಳು ಬಂದವು. ಅದನ್ನು ಇಲ್ಲ ಅಂದರೆ ಸುಳ್ಳಾಗುತ್ತದೆ.

ನೀರು ಬಂದ ಮೇಲೆ ಮೀನುಮರಿ ಬಿತ್ತನೆ. ಕಾಟ್ಲಾ, ರೋಹು, ಮೃಗಾಲ್ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಸಂಸಾರ ಮಾಡುವುದಿಲ್ಲ. ಹಾಗಾಗಿ ವರ್ಷ ವರ್ಷವೂ ಮರಿ ತಂದು ಬಿಡಬೇಕು, ವರ್ಷ ವರ್ಷವೂ ಫೋಟೋ ತೆಗೆಯಬೇಕು. ಮೊನ್ನೆ ಹನ್ನೆರಡು ಜನ ಸೇರಿ ಒಂದು ಕವರ್ ಹಿಡಿದು ಮರಿ ಬಿಟ್ಟರು. ಫೋಟೋದಲ್ಲಿ ಮರಿಗಳಿಗಿಂತ ಕೈಗಳೇ ಜಾಸ್ತಿ.

ಕೆರೆಯೊಳಗೆ ಮೂರು ಅಂತಸ್ತಿನ ಅಪಾರ್ಟ್‌ಮೆಂಟ್ ವ್ಯವಸ್ಥೆ. ಮೇಲೆ ಕಾಟ್ಲಾ, ನಡುವೆ ರೋಹು, ಕೆಳಗೆ ಕೆಸರಲ್ಲಿ ಮೃಗಾಲ್. ಇವರ ಮಧ್ಯೆ ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಗೆ ನಿಷೇಧ ಇದೆ. ಅದನ್ನು ಬಿಟ್ಟವರು ಯಾರೂ ಇಲ್ಲ, ಆದರೆ ಬಲೆ ಎಳೆದಾಗಲೆಲ್ಲ ಅದೇ ಮೊದಲು. ಬಾಡಿಗೆ ಕೊಡದೆ ಮೂರೂ ಮಹಡಿಯವರನ್ನು ತಿಂದು ಕೊಬ್ಬಿದೆ.

ನೀರಿನ ಬಗ್ಗೆ ಅನುಮಾನ ಇದ್ದವರು ಸಭೆಯಲ್ಲಿ ಎದ್ದು ಕೇಳಿದರು. ಸಾಹೇಬರು ನಕ್ಕರು. "ಕೆರೆಯಲ್ಲಿ ಮೀನು ಬದುಕಿವೆ ತಾನೇ? ಅದಕ್ಕಿಂತ ಸಾಕ್ಷಿ ಬೇಕೇನ್ರೀ?" ಎಲ್ಲರೂ ಚಪ್ಪಾಳೆ ತಟ್ಟಿದೆವು. ಎರಡು ವಾರ ಬಿಟ್ಟು ಒಂದು ಬೆಳಿಗ್ಗೆ ನೋಡಿದರೆ ಸಾಕ್ಷಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸಾಹೇಬರು ಮತ್ತೆ ಬಂದರು. ಮೂಗಿಗೆ ಕರ್ಚೀಫ್ ಇತ್ತು. "ಮೂರು ದಿನ ಮೋಡ ಕವಿದಿತ್ತು, ಆಮ್ಲಜನಕ ಕಮ್ಮಿ ಆಗಿದೆ. ಇದಕ್ಕೂ ನೀರಿಗೂ ಸಂಬಂಧ ಇಲ್ಲ" ಎಂದರು. ಮೋಡದ ಮಾತು ನಿಜವೇ. ಆ ನೀರಿನ ಸಾರಜನಕ, ರಂಜಕ ತಿಂದು ಪಾಚಿ ಹಬ್ಬುತ್ತದೆ. ಬಿಸಿಲಿಲ್ಲದಾಗ, ರಾತ್ರಿಯಾದಾಗ, ಆ ಪಾಚಿಯೇ ಆಮ್ಲಜನಕ ಹೀರುತ್ತದೆ. ಬೆಳಗಿನ ಜಾವಕ್ಕೆ ಮೀನು ಬಾಯಿ ಬಿಡುತ್ತದೆ. ಸಾಹೇಬರು ಪಾಚಿ ಬಿಟ್ಟು ಮೋಡ ಮಾತ್ರ ಹೇಳಿದರು. ಬದುಕಿದ ಮೀನು ಸರ್ಕಾರಿ ಸಾಕ್ಷಿ. ಸತ್ತದ್ದು ತಿರುಗಿಬಿದ್ದ ಸಾಕ್ಷಿ.

ಕೊಳಚೆ ನೀರಿನಲ್ಲಿ ಮೀನು ಬೆಳೆಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೋಲ್ಕತ್ತದ ಪೂರ್ವದ ಜೌಗು ಪ್ರದೇಶದಲ್ಲಿ ಎಷ್ಟೋ ಕಾಲದಿಂದ ಬೆಳೆಯುತ್ತಿದ್ದಾರೆ. ಆದರೆ ಅವರು ಆಳವಿಲ್ಲದ ಕೊಳಗಳಲ್ಲಿ ನೀರನ್ನು ಬಿಸಿಲಿಗೆ ಬಿಟ್ಟು, ಹದ ನೋಡಿ ಮೀನು ಬಿಡುತ್ತಾರೆ. ನಮ್ಮಲ್ಲಿ ಹದ ನೋಡುವುದು ಕ್ಯಾಮೆರಾದವನು.

ಉಳಿದ ಮೀನು ಈ ಸಲ ಚೆನ್ನಾಗಿ ಕೊಬ್ಬಿದೆ. ಊರವರು ಯಾರೂ ಅಷ್ಟಾಗಿ ಕೊಳ್ಳುತ್ತಿಲ್ಲ. ಗುತ್ತಿಗೆದಾರನಿಗೆ ಅದರ ಚಿಂತೆ ಇಲ್ಲ. ಐಸ್ ತುಂಬಿ ಟೆಂಪೊ ಬೆಂಗಳೂರಿಗೆ ಹೊರಡುತ್ತದೆ. ಅವರು ಕಳಿಸಿದ್ದನ್ನು ಇಟ್ಟುಕೊಳ್ಳುವ ಜನ ನಾವಲ್ಲ.

ಹೋದ ಭಾನುವಾರ ಬೆಂಗಳೂರಿನಿಂದ ಭಾವ ಫೋನ್ ಮಾಡಿದ್ದರು. ಅಂಗಡಿ ಮುಂದೆ ನಿಂತಿದ್ದರಂತೆ.

"ನಿಮ್ಮ ಕಡೆ ಮೀನಂತೆ ಕಣಯ್ಯಾ, ಹಳ್ಳಿ ಕೆರೆದು, ಒಳ್ಳೆ ಫ್ರೆಶ್ಶು. ತಗೊಳ್ಲಾ?"

"ತಗೊಳ್ಳಿ ಭಾವ," ಅಂದೆ. "ನಿಮ್ಮದೇ."