ಗುಬ್ಬಿಗೆ ಬ್ರಹ್ಮಾಸ್ತ್ರ, ಅದಕ್ಕೊಂದು ಡಾಂಗಲ್

ಮೀಟಿಂಗ್ ರೂಮಿನಲ್ಲಿ ಹನ್ನೊಂದು ಜನ ಕಾಯುತ್ತಿದ್ದರು. ನಾನು ಚೀಲದಿಂದ ಹೊಸ ಲ್ಯಾಪ್‌ಟಾಪ್ ತೆಗೆದೆ. ಸುಮ್ನೆ ತೆಗೆಯಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ತೆಗೆದೆ. ಒಂದೇ ಬೆರಳಲ್ಲಿ ಮುಚ್ಚಳ ಎತ್ತಿದೆ. ಒಂದೇ ಬೆರಳಿಗೆ ಏಳುವ ಮುಚ್ಚಳ ಅಂತ ರಿವ್ಯೂ ಮಾಡುವವರೆಲ್ಲ ಅದನ್ನು ಹೊಗಳಿದ್ದರು. ಉಳಿದ ಒಂಬತ್ತು ಬೆರಳನ್ನು ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಪ್ರೊಜೆಕ್ಟರಿನ ಎಚ್‌ಡಿಎಂಐ ವೈರು ಕೈಗೆ ಬಂತು. ಲ್ಯಾಪ್‌ಟಾಪನ್ನು ಎಡಕ್ಕೆ ತಿರುಗಿಸಿದೆ. ಬಲಕ್ಕೆ ತಿರುಗಿಸಿದೆ. ಎತ್ತಿ ಬೆನ್ನು ನೋಡಿದೆ.

"ಸರ್, ಇದಕ್ಕೆ ತೂತೇ ಇಲ್ವಲ್ಲ!" ಅಂದಳು ಪಕ್ಕದ ಸೀಟಿನ ಹುಡುಗಿ.

ಇತ್ತು. ಎರಡಿತ್ತು. ಎರಡೂ ಯುಎಸ್‌ಬಿ-ಸಿ. ಬೇಕಾದದ್ದೊಂದು ಇರಲಿಲ್ಲ ಅಷ್ಟೇ. ಒಂದು ಬಗೆಯ ತೂತಿಗೆ ಇನ್ನೊಂದು ಬಗೆಯ ವೈರು ಹೊಂದಿಸುವ ತುಂಡು, ಅಂದರೆ ಡಾಂಗಲ್, ಅದೂ ಇರಲಿಲ್ಲ. ಕೊನೆಗೆ ಪ್ರೆಸೆಂಟೇಶನ್ ನಡೆದದ್ದು ಅವಳ ಲ್ಯಾಪ್‌ಟಾಪಿನಲ್ಲಿ. ಏಳು ವರ್ಷ ಹಳೆಯದು, ಇಟ್ಟಿಗೆಯಷ್ಟು ದಪ್ಪ, ಸ್ಪೇಸ್ ಬಾರ್ ಸವೆದು ಹೊಳೆಯುತ್ತದೆ. ಆದರೆ ಅದಕ್ಕೆ ಎಲ್ಲ ತೂತೂ ಇದೆ.

ಇದು ನನ್ನೊಬ್ಬನ ಕಥೆ ಅಲ್ಲ ಅನ್ನುವುದೇ ಸಮಾಧಾನ. 2016ರಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಪ್ರೊದಿಂದ ಎಚ್‌ಡಿಎಂಐ ಕಿತ್ತಿತು, ಎಸ್‌ಡಿ ಕಾರ್ಡಿನ ಜಾಗ ಕಿತ್ತಿತು, ಹಳೆಯ ಯುಎಸ್‌ಬಿ ಕಿತ್ತಿತು, ಆಯಸ್ಕಾಂತದಿಂದ ಅಂಟುವ ಚಾರ್ಜರನ್ನೂ ಕಿತ್ತಿತು. ಪ್ರಗತಿ ಅಂದರು, ಒಪ್ಪಿದೆವು. 2021ರಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡು, ಆಯಸ್ಕಾಂತದ ಚಾರ್ಜರು ವಾಪಸ್ ಬಂದವು. ಅದೂ ಪ್ರಗತಿಯೇ. ಜನ ಎರಡು ಸಲವೂ ಚಪ್ಪಾಳೆ ತಟ್ಟಿದರು. ಜೇಬಿಂದ ಎತ್ತಿದ ಪರ್ಸನ್ನು ಐದು ವರ್ಷದ ಮೇಲೆ ಹುಟ್ಟುಹಬ್ಬದ ಉಡುಗೊರೆ ಅಂತ ಕೊಟ್ಟರೆ ನಾನೂ ಥ್ಯಾಂಕ್ಸ್ ಹೇಳುತ್ತೇನೋ ಏನೋ.

ಇಷ್ಟಕ್ಕೂ ಈ ಲ್ಯಾಪ್‌ಟಾಪ್ ನನ್ನ ಕೈಗೆ ಬಂದದ್ದು ಹೇಗೆ ಅಂತ ಹೇಳಬೇಕು. ಆಫೀಸಿನ ಫಾರಂ ಒಂದಿತ್ತು. ಹುದ್ದೆ ಏನು ಅಂತ ಕೇಳಿತ್ತು. ಕೆಲಸ ಏನು ಅಂತ ಎಲ್ಲೂ ಕೇಳಿರಲಿಲ್ಲ. ನನ್ನ ಹುದ್ದೆಗೆ ಅತಿ ದುಬಾರಿ ಪಟ್ಟಿಯಿಂದ ಆರಿಸಿಕೊಳ್ಳುವ ಅಧಿಕಾರವಿದೆ. ಪಕ್ಕದ ಸೀಟಿನ ಹುಡುಗಿ ಆಫೀಸಿನ ವಿಡಿಯೊಗಳನ್ನೆಲ್ಲ ಎಡಿಟ್ ಮಾಡುತ್ತಾಳೆ. ಅವಳು ಒಂದು ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ, ಊಟ ಮುಗಿಸಿ, ಒಂದು ಸುತ್ತು ಹರಟೆ ಹೊಡೆದು ಬಂದರೂ ಅದು ಶೇ. 60ರಲ್ಲಿ ನಿಂತಿರುತ್ತದೆ. ನನ್ನ ಕೆಲಸ ಮೇಲ್ ಓದುವುದು, ಓದಿದ್ದನ್ನು ಬೇರೆಯವರಿಗೆ ಕಳಿಸುವುದು, ದಿನಕ್ಕೆ ನಾಲ್ಕು ವಿಡಿಯೊ ಮೀಟಿಂಗಿನಲ್ಲಿ ತಲೆ ಆಡಿಸುವುದು. ಮತ್ತೆ ಎಕ್ಸೆಲ್‌ನಲ್ಲಿ ಒಂದು ಪಟ್ಟಿ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಇರುತ್ತವೆ. ನನ್ನ ಪಟ್ಟಿಯಲ್ಲಿ 412 ಇವೆ. ಅದರಲ್ಲಿ ಹತ್ತಿಪ್ಪತ್ತು ಖಾಲಿ.

ಆದರೂ ಮೂರು ವಾರ ಆಯ್ಕೆ ಮಾಡಿದೆ. ರಾತ್ರಿ ಹೊತ್ತು ರಿವ್ಯೂ ವಿಡಿಯೊ ನೋಡುವುದೇ ಕೆಲಸ. ಯಾವ ರಿವ್ಯೂನಲ್ಲೂ ಯಾರೂ ಮೇಲ್ ಬರೆಯುವುದಿಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಎಲ್ಲರೂ 8ಕೆ ವಿಡಿಯೊ ಕತ್ತರಿಸುತ್ತಾರೆ. ಸಿನೆಬೆಂಚ್ ಅಂತ ಒಂದು ಪರೀಕ್ಷೆ ಓಡಿಸುತ್ತಾರೆ. ಅದು ತ್ರೀಡಿ ಚಿತ್ರವೊಂದನ್ನು ರೆಂಡರ್ ಮಾಡಿ ಪ್ರೊಸೆಸರಿಗೆ ಅಂಕ ಕೊಡುತ್ತದೆ. ನಾನು ಜೀವಮಾನದಲ್ಲಿ ತ್ರೀಡಿ ಚಿತ್ರ ಮಾಡಿದವನಲ್ಲ. ಆದರೆ ಎರಡನೇ ವಾರಕ್ಕೆ ಆರು ಮಾಡೆಲ್‌ಗಳ ಅಂಕ ಬಾಯಿಪಾಠ ಆಗಿತ್ತು. ಯಾವುದಕ್ಕೆ ಕಮ್ಮಿ ಬಂದಿದೆಯೋ ಅದರ ಬಗ್ಗೆ ಒಂಥರಾ ತಾತ್ಸಾರವೂ ಹುಟ್ಟಿತ್ತು.

ರ್‍ಯಾಮ್ ವಿಷಯಕ್ಕೆ ಬಂದಾಗ ನಿದ್ದೆಗೆಟ್ಟದ್ದು ನಿಜ. ತೆರೆದ ಕೆಲಸವನ್ನೆಲ್ಲ ಆ ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಮೆಮೊರಿ ಅದು. 32 ಜಿಬಿ ಸಾಕಾ, 64 ಬೇಕಾ? "ಈಗಲೇ ಜಾಸ್ತಿ ಹಾಕಿಸಿಕೊಳ್ಳಿ ಸರ್, ಆಮೇಲೆ ಆಗಲ್ಲ" ಅಂದ ಮಾರುವ ಹುಡುಗ. ಆಮೇಲೆ ಯಾಕಾಗಲ್ಲ? ಬೆಸುಗೆ ಹಾಕಿಬಿಟ್ಟಿರುತ್ತಾರೆ. ಕಾರಣ ಪೂರ್ತಿ ಸುಳ್ಳೇನಲ್ಲ. ರ್‍ಯಾಮನ್ನು ಪ್ರೊಸೆಸರಿನ ಪಕ್ಕದಲ್ಲೇ ಅಂಟಿಸಿದರೆ ದಾರಿ ಹತ್ತಿರ, ವೇಗ ಜಾಸ್ತಿ, ಕರೆಂಟು ಕಮ್ಮಿ. ಹಾಗಂತ ಐದು ವರ್ಷದ ಮೇಲೆ ನನಗೆ ಏನು ಬೇಕಾಗುತ್ತದೆ ಅಂತ ಇವತ್ತೇ ಹೇಳಬೇಕು. ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೇನೆ ಅಂತ ಗೊತ್ತಿಲ್ಲದವನು ನಾನು. 64 ಅಂದೆ. ಅಂದಹಾಗೆ, ಮೆಮೊರಿಯ ಮಾನದಂಡ ಬರೆಯುವ ಜೆಡೆಕ್ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕ್ಯಾಮ್-2 ಅನ್ನುವ ಹೊಸ ಬಗೆಯನ್ನು ಪ್ರಕಟಿಸಿತು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲೂ ರ್‍ಯಾಮನ್ನು ಬಿಚ್ಚಿ ಬದಲಾಯಿಸಬಹುದಂತೆ. ಹೇಗೆ? ಸ್ಕ್ರೂನಿಂದ. ಇಡೀ ಉದ್ಯಮ ಒಟ್ಟಿಗೆ ಕೂತು ಸ್ಕ್ರೂ ಕಂಡುಹಿಡಿದಿದೆ.

ಡಿಸ್ಕು ಒಂದು ಟೆರಾಬೈಟ್. ತೆರೆದು ನೋಡಿದರೆ 931 ಜಿಬಿ ತೋರಿಸಿತು. ಕಳ್ಳತನ ಆಗಿಲ್ಲ. ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಳೆಯುವವನ ಸೇರೇ ಬೇರೆ, ಕೊಳ್ಳುವವನ ಸೇರೇ ಬೇರೆ. ಇರಲಿ ಬಿಡಿ, 412 ಸಾಲಿಗೆ ಅಷ್ಟು ಸಾಕು.

ಈ ಯಂತ್ರದಲ್ಲಿ ಎನ್‌ಪಿಯು ಅಂತ ಒಂದು ಅಂಗ ಇದೆ. ಕೃತಕ ಬುದ್ಧಿಯ ಕೆಲಸಕ್ಕೇ ಇಟ್ಟದ್ದು. 2024ರಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಪಿಸಿ ಅನ್ನುವ ಬಿರುದನ್ನು ಶುರು ಮಾಡಿತಲ್ಲ, ಆ ಬಿರುದು ಬೇಕಾದರೆ ಎನ್‌ಪಿಯು ಸೆಕೆಂಡಿಗೆ ಕನಿಷ್ಠ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು. ಮತ್ತೊಮ್ಮೆ ಓದಿ: ನಲವತ್ತು ಲಕ್ಷ ಕೋಟಿ, ಒಂದೊಂದು ಸೆಕೆಂಡಿಗೂ. ನನ್ನದಕ್ಕೆ ಆ ಬಿರುದು ಇದೆ. ಈ ಮಹಾಶಕ್ತಿಯಿಂದ ನಾನು ಇದುವರೆಗೆ ಮಾಡಿಸಿದ ಕೆಲಸ ಒಂದೇ. ಮನೆಯಿಂದ ಮೀಟಿಂಗಿಗೆ ಕೂತಾಗ ನನ್ನ ಹಿಂದೆ ಒಣಗಲು ಹಾಕಿದ ಬಟ್ಟೆ ಕಾಣದ ಹಾಗೆ ಮಬ್ಬು ಮಾಡುವುದು. ಮೊದಲು ಈ ಕೆಲಸವನ್ನು ಒಂದು ಪರದೆ ಮಾಡುತ್ತಿತ್ತು, ಅದನ್ನು ಚಾರ್ಜಿಗೆ ಹಾಕಬೇಕಾಗಿರಲಿಲ್ಲ. ಈಗಲೂ ಜೋರಾಗಿ ಕೈ ಆಡಿಸಿದರೆ ನನ್ನ ಕಿವಿ ಒಂದು ಕ್ಷಣ ಮಾಯವಾಗಿ ಒಂದು ಟವೆಲ್ ಇಣುಕುತ್ತದೆ.

ಇನ್ನು ಸಂಸಾರದ ವಿಷಯ. ತಂದ ದಿನದಿಂದ ಇದರ ಜೊತೆ ಬಾಳುತ್ತಿರುವವನು ನಾನು, ನನಗೆ ಗೊತ್ತಾದದ್ದು ಇಷ್ಟು: ಇದರ ಯಾವ ಗುಣವನ್ನು ಉಳಿಸಿಕೊಳ್ಳಬೇಕಾದರೂ ಅದನ್ನು ಬಳಸಬಾರದು.

ಪರದೆ ತಗೊಳ್ಳಿ. ಓಎಲ್ಇಡಿ, 4ಕೆ. ಅಂದರೆ 82,94,400 ಚುಕ್ಕಿ, ಒಂದೊಂದೂ ತನ್ನಷ್ಟಕ್ಕೆ ತಾನೇ ಬೆಳಗುವಂಥದ್ದು. ಮೊದಲ ಸಲ ಹಚ್ಚಿದಾಗ ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು. ಈಗ ಎಲ್ಲವನ್ನೂ ಎರಡೂವರೆ ಪಟ್ಟು ಹಿಗ್ಗಿಸಿಕೊಂಡು ಓದುತ್ತಿದ್ದೇನೆ. ಸುಳ್ಳು ಹೇಳಬಾರದು, ಕನ್ನಡದ ಒತ್ತಕ್ಷರ ಇಷ್ಟು ಚೂಪಾಗಿ ನಾನು ಯಾವ ಪರದೆಯಲ್ಲೂ ನೋಡಿರಲಿಲ್ಲ. ‘ಸ್ತ್ರೀ’ ಅಂತ ಬರೆದು ಎರಡು ನಿಮಿಷ ನೋಡುತ್ತಾ ಕೂತಿದ್ದೇನೆ. ಆದರೆ ಓಎಲ್ಇಡಿಗೆ ಒಂದು ಶಾಪ ಇದೆ. ಒಂದೇ ಚಿತ್ರ ಒಂದೇ ಜಾಗದಲ್ಲಿ ಬಹಳ ಹೊತ್ತು ನಿಂತರೆ, ಅಲ್ಲಿನ ಚುಕ್ಕಿಗಳು ಬೇಗ ಸವೆದು ಕಲೆ ಉಳಿಯಬಹುದು. ಹಾಗಾಗಿ ಬಲ್ಲವರು ಹೇಳಿದ ಹಾಗೆ ಹಿನ್ನೆಲೆ ಕಪ್ಪು ಮಾಡಿದೆ. ಕೆಳಗಿನ ಟಾಸ್ಕ್‌ಬಾರ್ ಅಡಗಿಸಿದೆ. ಬೆಳಕು ಇಳಿಸಿದೆ. ಎರಡು ನಿಮಿಷ ಮುಟ್ಟದಿದ್ದರೆ ಪರದೆಯೇ ಆರಿಹೋಗುವ ಹಾಗೆ ಮಾಡಿದೆ. ನೂರು ಕೋಟಿ ಬಣ್ಣ ತೋರಿಸಬಲ್ಲದ್ದು ಈಗ ದಿನವಿಡೀ ಕಪ್ಪು ತೋರಿಸುತ್ತಿದೆ. ಆ ಕಪ್ಪು ಮಾತ್ರ ಅದ್ಭುತ. ಓಎಲ್ಇಡಿಯಲ್ಲಿ ಕಪ್ಪು ಅಂದರೆ ಆ ಚುಕ್ಕಿ ಪೂರ್ತಿ ಆರಿದೆ ಅಂತ ಅರ್ಥ.

ಬ್ಯಾಟರಿ ಕಥೆ ಇನ್ನೂ ಚೆಂದ. ಡಬ್ಬದ ಮೇಲೆ "22 ಗಂಟೆಗಳವರೆಗೆ" ಅಂತ ಇತ್ತು. ಇದರಲ್ಲಿ 22ನ್ನು ನೋಡಬೇಡಿ, ‘ವರೆಗೆ’ ನೋಡಿ. ದುಡಿಯುವ ಪದ ಅದೇ. ಇಂಥ ಅಂಕಿಗೆ ಸಾಮಾನ್ಯವಾಗಿ ಡಿಸ್ಕಿನಲ್ಲೇ ಇರುವ ವಿಡಿಯೊ ಒಂದನ್ನು ಬೆಳಕು ಇಳಿಸಿ ಮತ್ತೆ ಮತ್ತೆ ಓಡಿಸಿ ಅಳೆಯುತ್ತಾರೆ. ಯಾರೂ ಏನೂ ಟೈಪ್ ಮಾಡಬಾರದು. ಅಂದರೆ ಕೆಲಸ ಮಾಡದೆ ಸಿನಿಮಾ ನೋಡುತ್ತಾ ಕೂತರೆ 22 ಗಂಟೆ. ಆ ಲೆಕ್ಕದಲ್ಲಿ ನಾನೂ 22 ಗಂಟೆ ಬರುತ್ತೇನೆ. ಮೀಟಿಂಗು, ಬ್ರೌಸರು, ಚಾಟು ಎಲ್ಲ ತೆರೆದರೆ ಇಬ್ಬರಿಗೂ ಮಧ್ಯಾಹ್ನಕ್ಕೆ ಸುಸ್ತು. ಚಾಟ್ ಅಂದೆನಲ್ಲ, ಈಗಿನ ಚಾಟ್ ಆ್ಯಪ್‌ಗಳಲ್ಲಿ ಎಷ್ಟೋ ತಮ್ಮ ಹೊಟ್ಟೆಯೊಳಗೆ ಒಂದು ಇಡೀ ಬ್ರೌಸರನ್ನು ಹೊತ್ತುಕೊಂಡೇ ಬರುತ್ತವೆ. "ಓಕೆ" ಅಂತ ಎರಡಕ್ಷರ ಕಳಿಸಲು. ಹಾರ್ಡ್‌ವೇರ್ ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಅಂತ ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ದೂರಿದ್ದರು. ನನ್ನ 64 ಜಿಬಿ ಎಲ್ಲಿಗೆ ಹೋಯಿತು ಅಂತ ಅವರಿಗೆ ಗೊತ್ತಾಗುತ್ತಿತ್ತು.

ಬ್ಯಾಟರಿಯನ್ನು ಪೂರ್ತಿ ತುಂಬಲೂಬಾರದು. ಲಿಥಿಯಂ ಬ್ಯಾಟರಿಗೆ ತುಂಬಿದ ಹೊಟ್ಟೆಯಲ್ಲಿ, ಬಿಸಿಯಲ್ಲಿ ಕೂತಿರುವುದು ಆಗಿಬರುವುದಿಲ್ಲ, ಬೇಗ ಮುದಿಯಾಗುತ್ತದೆ. ಅದಕ್ಕೇ ಶೇ. 80ಕ್ಕೆ ನಿಲ್ಲಿಸುವ ಒಂದು ಸೆಟ್ಟಿಂಗ್ ಇದೆ. ಹಾಕಿಕೊಂಡಿದ್ದೇನೆ. ಐದರಲ್ಲಿ ಒಂದು ಪಾಲನ್ನು ಭವಿಷ್ಯಕ್ಕೆ ಎತ್ತಿಟ್ಟ ಹಾಗಾಯಿತು. ಆ ಭವಿಷ್ಯ ಬರುವ ಹೊತ್ತಿಗೆ ಆಫೀಸಿನವರು ಈ ಲ್ಯಾಪ್‌ಟಾಪನ್ನು ವಾಪಸ್ ತಗೊಂಡಿರುತ್ತಾರೆ.

ಮಲಗಿಸುವುದಂತೂ ಮಕ್ಕಳನ್ನು ಮಲಗಿಸಿದ ಹಾಗೆ. ಮುಚ್ಚಳ ಮುಚ್ಚಿದೆ, ದೀಪ ಆರಿತು, ಚೀಲಕ್ಕೆ ಹಾಕಿದೆ. ಒಂದು ಗಂಟೆ ಬಿಟ್ಟು ಚೀಲಕ್ಕೆ ಕೈ ಹಾಕಿದರೆ ಇಸ್ತ್ರಿಪೆಟ್ಟಿಗೆ! ಒಳಗೆ ಫ್ಯಾನು ಗುಂಯ್ ಅನ್ನುತ್ತಿದೆ. ಹೊಸ ಕಾಲದ ಲ್ಯಾಪ್‌ಟಾಪುಗಳು ಮೊಬೈಲಿನ ಹಾಗೆ ಅರೆನಿದ್ದೆ ಮಾಡುತ್ತವೆ. ಮೇಲ್ ಬಂತಾ, ಅಪ್‌ಡೇಟ್ ಬಂತಾ ಅಂತ ಆಗಾಗ ಕಣ್ಣು ಬಿಟ್ಟು ನೋಡುತ್ತವೆ. ಕೆಲವೊಮ್ಮೆ ಮತ್ತೆ ನಿದ್ದೆ ಹತ್ತುವುದಿಲ್ಲ. ಆಫೀಸು ನನಗೆ ಕಲಿಸಿದ ಚಟವನ್ನೇ ಇದಕ್ಕೂ ಕಲಿಸಿದೆ.

ತೊಡೆಯ ಮೇಲೆ ಇಟ್ಟುಕೊಳ್ಳೋಣ ಅಂದರೆ, ಬಹಳ ಹೊತ್ತು ಮೈಗೆ ತಾಗಿಸಬೇಡಿ ಅಂತ ಕೈಪಿಡಿಯಲ್ಲಿ ಎಚ್ಚರಿಕೆ. ಹೆಸರಲ್ಲೇ ‘ಲ್ಯಾಪ್’ ಇದೆಯಲ್ಲ ಸ್ವಾಮಿ? ಇದರ ಅಲ್ಯೂಮಿನಿಯಂ ಮೈ 14 ಮಿಲಿಮೀಟರ್ ದಪ್ಪ. ಗೀರು ಬಿದ್ದೀತು ಅಂತ ಅದಕ್ಕೊಂದು ಕವರು ಹಾಕಿದೆ. ಕವರು ಹಾಕಿದ ಮೇಲೆ ಇದೂ ಪಕ್ಕದ ಸೀಟಿನವಳ ಲ್ಯಾಪ್‌ಟಾಪೂ ಹೆಚ್ಚುಕಮ್ಮಿ ಒಂದೇ ದಪ್ಪ.

ಮೊನ್ನೆ ಕುತೂಹಲಕ್ಕೆ ಚೀಲ ತೂಗಿದೆ. ಲ್ಯಾಪ್‌ಟಾಪ್ 1.2 ಕೆಜಿ. ಚೀಲ 4 ಕೆಜಿ. ಒಳಗೆ ಚಾರ್ಜರು, ಎಚ್‌ಡಿಎಂಐ ಡಾಂಗಲ್ಲು, ನೆಟ್‌ವರ್ಕ್ ವೈರಿಗೆ ಇನ್ನೊಂದು ಡಾಂಗಲ್ಲು, ಎರಡನ್ನೂ ಸಿಕ್ಕಿಸಲು ಹಬ್ಬು, ಮೌಸು, ಬಿಸಿ ಆಗದಿರಲು ಸ್ಟ್ಯಾಂಡು, ಸ್ಟ್ಯಾಂಡ್ ಮೇಲಿಟ್ಟರೆ ಕೈ ಎಟುಕದು ಅಂತ ಬೇರೆ ಕೀಬೋರ್ಡು. ಮತ್ತೆ ಐದು ಯುಎಸ್‌ಬಿ-ಸಿ ವೈರು. ಐದೂ ನೋಡಲು ಅವಳಿಜವಳಿ. ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸುತ್ತದೆ, ಇನ್ನೊಂದು 40 ಗಿಗಾಬಿಟ್. ಯಾವುದು ಯಾವುದು ಅಂತ ತಿಳಿಯಲು ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಯಾಕೆ ಕಟ್ಟಿದೆ ಅನ್ನುವುದು ಮರೆತುಹೋಗಿದೆ. 1981ರಲ್ಲಿ ಬಂದ ಆಸ್‌ಬಾರ್ನ್-1 ಕಂಪ್ಯೂಟರು ಹೊತ್ತು ತಿರುಗಬಹುದಾದದ್ದು ಅಂತ ಹೆಸರು ಮಾಡಿತ್ತು. ತೂಕ ಸುಮಾರು 11 ಕೆಜಿ, ಪರದೆ ಐದೇ ಇಂಚು. ಆದರೆ ಪರದೆ, ಕೀಬೋರ್ಡು, ಎರಡು ಫ್ಲಾಪಿ ಡ್ರೈವು ಎಲ್ಲ ಅದರ ಮೈಯಲ್ಲೇ ಇತ್ತು. ಬೇರೆ ಚೀಲ ಬೇಕಿರಲಿಲ್ಲ.

ನಿನ್ನೆ ಪಕ್ಕದ ಸೀಟಿನವಳು ಬಂದು ನಿಂತಳು. "ಸರ್, ಒಂದು ವಿಡಿಯೊ ಅರ್ಜೆಂಟಾಗಿ ಕಳಿಸಬೇಕಿತ್ತು. ನಿಮ್ಮದರಲ್ಲಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಲಾ?"

ಕೊಟ್ಟೆ. ನೀರು ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಅವಳು ಪರದೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಇದರಲ್ಲಿ ನೀವೇನು ಮಾಡ್ತೀರಾ ಸರ್?"

"ಪಟ್ಟಿ" ಅಂದೆ.

ಮುಂದಿನ ವರ್ಷ ಅವಳಿಗೂ ಒಂದು ಕೊಡಿಸೋಣ ಅಂತ ಫಾರಂ ತೆಗೆದು ನೋಡಿದೆ. ಹುದ್ದೆ ಅನ್ನುವ ಜಾಗದಲ್ಲಿ ಅವಳ ಹುದ್ದೆ ಬರೆದ ಕೂಡಲೇ ಫಾರಮ್ಮಿನ ಉಳಿದ ಕಾಲಂಗಳೆಲ್ಲ ಮಬ್ಬಾದವು. ಹಿನ್ನೆಲೆ ಮಬ್ಬು ಮಾಡುವುದರಲ್ಲಿ ನಮ್ಮ ಆಫೀಸಿಗೆ ಎನ್‌ಪಿಯು ಬೇಕಾಗಿಲ್ಲ.

ಇದನ್ನೆಲ್ಲ ಬರೆದದ್ದು ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ. ಹೊಸದು ಮೇಜಿನ ಮೇಲಿದೆ. ಶೇ. 80 ತುಂಬಿದೆ, ಪರದೆ ಕಪ್ಪಗಿದೆ, ಮೈ ತಣ್ಣಗಿದೆ. ಈಗ ತಾನೇ ನಿದ್ದೆ ಹತ್ತಿದ ಹಾಗಿದೆ, ಎಬ್ಬಿಸುವುದು ಬೇಡ.