ಸತ್ಯಾಂಶ: ನೀರು ಕುಡಿದಷ್ಟೂ ಒಳ್ಳೆಯದಾ?

"ಬಿಸಿಲಲ್ಲಿ ಸೈಕಲ್ ತುಳಿಯುವಾಗ ಬಾಯಾರದಿದ್ದರೂ ನೀರು ಕುಡಿಯುತ್ತಲೇ ಇರಿ, ಎಷ್ಟಾದರೂ ತೊಂದರೆ ಇಲ್ಲ." ಮಂಗಳೂರಿನ ಸೈಕಲ್ ಗೆಳೆಯರ ವಾಟ್ಸಾಪ್‌ನಲ್ಲಿ ಇದು ಓಡಾಡುತ್ತಿದೆ. ರಾಜಸ್ಥಾನದ ಮರುಭೂಮಿಯ ಊರು ಜೈಸಲ್ಮೇರ್ ಕಡೆ ಸೈಕಲ್ಲಿನಲ್ಲಿ ಹೊರಟವರೂ ನಂಬಿದ್ದಾರೆ. ಮಾತು ತಪ್ಪು.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ತುಳಿಯುತ್ತಾ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಇಳಿಯುತ್ತದೆ. ರಕ್ತ ಪರೀಕ್ಷೆಯ ಲೆಕ್ಕದಲ್ಲಿ ಅದು ಲೀಟರಿಗೆ 135 ಮಿಲಿಮೋಲ್‌ಗಿಂತ ಕಡಿಮೆಯಾದರೆ ಹೈಪೊನಾಟ್ರೀಮಿಯಾ, ಅಂದರೆ ಸೋಡಿಯಂ ಕೊರತೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಜಾಸ್ತಿಯಾದರೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯ. ಇದನ್ನು ನೀರಿನ ಕೊರತೆ ಎಂದುಕೊಂಡು ಮತ್ತಷ್ಟು ನೀರು ಕುಡಿಸುತ್ತಾರಲ್ಲ, ನನಗೆ ಅದೇ ದೊಡ್ಡ ಭಯ.

ಹಾಗಂತ ನೀರು ಬಿಡಬೇಡಿ. ಒಣ ಮರುಭೂಮಿಯಲ್ಲಿ ಬೆವರು ಕೂಡಲೇ ಆರುತ್ತದೆ, ನಮ್ಮ ಕರಾವಳಿಯ ಹಾಗೆ ಅಂಗಿ ತೊಯ್ಯುವುದಿಲ್ಲ. ಎಷ್ಟು ಹೋಯಿತೆಂದು ಗೊತ್ತೇ ಆಗದು, ಅಲ್ವಾ? ಹಾಗಾಗಿ ಬಾಯಾರಿದಾಗ ತಪ್ಪದೆ ಕುಡಿಯಿರಿ. ದಾರಿಯ ಊಟದಲ್ಲಿ ಉಪ್ಪಿರಲಿ; ಗಂಜಿ, ಉಪ್ಪಿನಕಾಯಿ ಆದರೂ ಸಾಕು.